ಮುನವ್ವರಾ ಬಿಟ್ಟುಹೋದ ಮೂರನೇ ಭಾಗ

"ಆಫ್ ಮಾಡ್ರೀ ಅದನ್ನ!"

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ಆ ಗದ್ದಲದಲ್ಲೂ ನಾಲ್ಕಾರು ಜನ ತಿರುಗಿ ನೋಡಿದರು.

ಅಂಬುಜಾಳ ಕೈಯಲ್ಲಿ ಫೋನು ರಿಂಗಾಗುತ್ತಲೇ ಇತ್ತು. ಎದುರಿಗೆ ನಿಂತವನು ಅವಳ ಗೂಡು ಕೊಳ್ಳಲು ಬಂದವನು. ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದವನ ಕೈ ಸಡಿಲಾಗಿ, ಗೂಡೆಲ್ಲ ಬೆರಳ ಸಂದಿಯಿಂದ ನೆಲಕ್ಕೆ ಉದುರಿದ್ದವು.

"ನನ್ ಫೋನು, ನನ್ ರಿಂಗ್‌ಟೋನು! ಆಫ್ ಮಾಡು ಅನ್ನಕ್ಕೆ ನೀವ್ಯಾರ್ರೀ? ಮೊದ್ಲು ಚೆಲ್ಲಿರೋ ಗೂಡು ಎತ್ತಾಕಿ!"

ಅವನು ಬಗ್ಗಿದ. ಒಂದೊಂದೇ ಗೂಡು ಆರಿಸಿ ತಟ್ಟೆಗೆ ಹಾಕಿದ. ಎದ್ದು ನಿಂತಾಗ ಅವನ ಕಣ್ಣು ತುಂಬಿತ್ತು.

ಅಯ್ಯೋ... ಇಷ್ಟಕ್ಕೇ ಗಂಡಸು ಅಳ್ತಾನಾ?

"ತಪ್ಪಾಯ್ತು ಕಣ್ರೀ," ಎಂದ ಮೆಲ್ಲಗೆ. "ಆ ದನಿ ಕೇಳಿ ಒಂಥರಾ ಆಗೋಯ್ತು."

ಅದು ಒಂದು ಹೆಂಗಸು ಬಾಯಿ ಮುಚ್ಚಿಕೊಂಡೇ ಗುನುಗುವ ರಾಗ. 'ಬಂಡೆಯೂರು' ಎಂಬ ಕಂಪ್ಯೂಟರ್ ಗೇಮಿನ ಶುರುವಿನಲ್ಲಿ ಬರುತ್ತದೆ. ಅದನ್ನು ಕೇಳಿ ಒಬ್ಬ ಗೂಡಿನ ವ್ಯಾಪಾರಿ ಯಾಕೆ ಕಣ್ಣೀರು ಹಾಕಬೇಕು? ಬೈರಮಂಗಲದ ಬಸ್ಸು ಹತ್ತಿ ಊರು ಸೇರುವವರೆಗೂ ಅಂಬುಜಾಳಿಗೆ ಅದೇ ಯೋಚನೆ.

ಆ ವರ್ಷ ಗೂಡಿಗೆ ಯಾರೂ ಕನಸಲ್ಲೂ ಕಾಣದಂಥ ದರ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಅಂಬುಜಾಳ ಅಪ್ಪ ಕರಿಯಪ್ಪನೂ ಹೊಸ ಹುಳುಮನೆ ಕಟ್ಟಿಸಿದ್ದ. ಮನೆಗೆ ಬಣ್ಣ ಬಂದಿತ್ತು, ಟ್ರಾಕ್ಟರ್ ಬಂದಿತ್ತು. ಇದನ್ನೆಲ್ಲ ಕಂಡು ಹಿಗ್ಗಬೇಕಾಗಿದ್ದ ಅವ್ವ ಬೋರಮ್ಮ ಮಾತ್ರ ಇರಲಿಲ್ಲ. ಹಿಂದಿನ ವರ್ಷ ಕೊರೊನಾ ಬಂದು ಆಂಬುಲೆನ್ಸ್ ಹತ್ತಿ ಹೋದವಳ ಮುಖ ಮತ್ತೆ ನೋಡಲು ಸಿಗಲೇ ಇಲ್ಲ.

ಆ ದಿನಗಳಲ್ಲಿ ಅಂಬುಜಾ ಹಿಡಿದುಕೊಂಡಿದ್ದು ಆ ಗೇಮನ್ನೇ. ಬಂಡೆಗುಡ್ಡಗಳ ನಡುವೆ ಕುರಿಮಂದೆಯ ಜೊತೆ ನಡೆಯುತ್ತಾ, ಕಾಣೆಯಾದ ತಾಯಿಯನ್ನು ಹುಡುಕುವ ಒಂದು ಹುಡುಗಿಯ ಕಥೆ. ಎರಡು ಭಾಗ ಬಂದಿದ್ದವು. ಎರಡನೆಯದು ಮುಗಿಯುವಾಗ ಹುಡುಗಿ ಒಂದು ಗವಿಯ ಬಾಯಲ್ಲಿ ನಿಂತು, "ಅವ್ವಾ" ಎಂದು ಕೂಗುತ್ತಾಳೆ. ಅಷ್ಟೇ!

ಅದನ್ನು ನಿರ್ದೇಶಿಸಿದ್ದ ಮುನವ್ವರಾ ಕೊರೊನಾಕ್ಕೇ ಬಲಿಯಾಗಿದ್ದಳು. ಮೂರನೇ ಭಾಗ ಯಾರು ಮಾಡುತ್ತಾರೆ? ಅಭಿಮಾನಿಗಳ ಟೆಲಿಗ್ರಾಮ್ ಗುಂಪಿನಲ್ಲಿ ದಿನಾ ಇದೇ ಜಗಳ. ಮುಂಬೈ ಕಂಪನಿಗೆ ಮಾರಿಬಿಟ್ಟಿದ್ದಾರೆ ಅಂತ ಒಬ್ಬ. ಹೈದರಾಬಾದಿನ ಯಾರನ್ನೋ ಗೊತ್ತು ಮಾಡಿದ್ದಾರೆ ಅಂತ ಇನ್ನೊಬ್ಬ. ಹೆಚ್ಚಿನವರ ಊಹೆ ಮಾತ್ರ 'ಕರಿಮೋಡ'ನ ಮೇಲೆ. ಮುನವ್ವರಾ ಜೊತೆ ಗೇಮಿನ ಚಿತ್ರ ಬರೆದವನು ಆ ಹೆಸರಿಟ್ಟುಕೊಂಡಿದ್ದ. ಅವನ ಮುಖ ಯಾರೂ ಕಂಡಿರಲಿಲ್ಲ.

ಅಂಬುಜಾ ಅಲ್ಲಿ 'ಕಲ್ಲುಗುಡ್ಡ' ಎಂಬ ಹೆಸರಲ್ಲಿ ಬರೆಯುತ್ತಿದ್ದಳು. ಎಲ್ಲರೂ ಗಂಡಸೆಂದೇ ತಿಳಿದು "ಗುರೂ, ನಿನ್ ಲೆಕ್ಕಾಚಾರ ಏನ್ಲಾ?" ಎಂದು ಕೇಳುತ್ತಿದ್ದರು.

ಮುಂದಿನ ಬೆಳೆಯ ಗೂಡನ್ನೂ ಅವತ್ತು ಕಣ್ಣೀರು ಹಾಕಿದ್ದ ಆ ವ್ಯಾಪಾರಿಯೇ ಹಿಡಿದ. ಹೆಸರು ಹೊನ್ನಯ್ಯ, ಸೋಲೂರಿನವನು, ಅಜ್ಜನ ಹೆಸರನ್ನೇ ಇಟ್ಟಿದ್ದರಂತೆ. ರಾಮನಗರದ ಬದ್ರುನ್ನೀಸಾ ಎಂಬಾಕೆಯ ನೂಲು ಬಿಚ್ಚುವ ಘಟಕಕ್ಕೆ ಗೂಡು ಕೊಳ್ಳುತ್ತಿದ್ದ.

ಒಂದು ಟೀ ಎರಡಾಯಿತು. ಬಂಡೆಯೂರಿನ ಕಥೆ, ತಾನಿದ್ದ ಗುಂಪಿನ ಜಗಳ ಎಲ್ಲವನ್ನೂ ಅವಳು ಅವನಿಗೆ ಹೇಳತೊಡಗಿದಳು. ಮಾರುಕಟ್ಟೆಯ ದಿನ ಬಂದರೆ ಅಂಬುಜಾ ಕನ್ನಡಿಯ ಮುಂದೆ ಒಸಿ ಹೆಚ್ಚು ಹೊತ್ತು ನಿಲ್ಲುವಂತಾಯಿತು.

"ಮೂರನೇದು ಯಾರು ಮಾಡ್ಬೈದು ಹೇಳಿ ನೋಡಾನ?" ಒಂದು ದಿನ ಅವಳು ನಗುತ್ತಾ ಕೇಳಿದಳು.

"ಯಾರೂ ಮಾಡ್ಬಾರ್ದು."

"ಯಾಕಂಗಂತೀರಿ?" ಅವಳ ನಗು ಹಾಗೇ ನಿಂತಿತು. "ಆ ಹುಡ್ಗಿಗೆ ಅವ್ವ ಸಿಗಬೇಕಲ್ವಾ? ನಮ್ಮವ್ವನ ಮುಖ... ನಂಗೆ ನೋಡಕ್ಕಾಗ್ನಿಲ್ಲ. ಅವಳಾದ್ರೂ ನೋಡ್ಲಿ ಅಂತ ಕಾಯ್ತಾ ಇವ್ನಿ ಕಣ್ರೀ..."

ಹೊನ್ನಯ್ಯ ಟೀ ಲೋಟ ಕೆಳಗಿಟ್ಟ.

"ನಾನೇ ಕರಿಮೋಡ," ಎಂದ.

ಅಂಬುಜಾ ತನ್ನ ಲೋಟವನ್ನೂ ಕೆಳಗಿಟ್ಟಳು.

"ಅಕ್ಕ ಅಂತಿದ್ದೆ ಮುನವ್ವರಾನ. ನಮ್ಮಪ್ಪನ ಕುರಿ, ನಮ್ಮೂರಿನ ಬಂಡೆ ಎಲ್ಲ ನನ್ ಕೈಯಲ್ಲೇ ಬರ್ಸಿದ್ಳು. ನಿಮ್ ರಿಂಗ್‌ಟೋನ್ ಐತಲ್ಲ, ಅದು ಅಕ್ಕನೇ ಗುನುಗಿದ್ದು. ಮಣ್ಣು ಮಾಡಿದ್ಮೇಲೆ ಮೊದ್ಲನೇ ಸಲ ಆ ದನಿ ಕೇಳಿದ್ದು... ನಿಮ್ ಫೋನಲ್ಲಿ. ಅವಳ ತಾಯಿನೇ ಬದ್ರುನ್ನೀಸಾ ಅಮ್ಮಿ. ಒಬ್ಬರೇ ಆಗೋದ್ರು. ಅದ್ಕೇ ಗೂಡು ತಂದ್ಕೊಡ್ತಾ ಇವ್ನಿ. ಯಾರ್ಗೂ ಹೇಳ್ಬ್ಯಾಡಿ."

"ನಮ್ಮವ್ವನಾಣೆ ಹೇಳಲ್ಲ," ಎಂದಳು. ಅವಳ ಕೈ ತಾನಾಗಿಯೇ ಅವನ ಕೈ ಮೇಲೆ ಹೋಗಿ ಕೂತಿತ್ತು. ಅವನು ತೆಗೆಯಲಿಲ್ಲ.

ಆ ಸುಖ ಹೆಚ್ಚು ದಿನ ಬಾಳಲಿಲ್ಲ.

ಒಂದು ಬೆಳಿಗ್ಗೆ ಬದ್ರುನ್ನೀಸಾ ಅಮ್ಮಿಯ ಘಟಕದ ಮುಂದೆ ಬೈಕುಗಳ ಸಾಲು. ಎಲ್ಲಿಂದಲೋ ಬಂದ ಅಭಿಮಾನಿಗಳು ಫೋನು ಹಿಡಿದು ಒಳಗೇ ನುಗ್ಗಿದರು. ಗೂಡು ಬೇಯುವ ಹಬೆಯ ನಡುವೆ ನಿಂತಿದ್ದ ಆ ತಾಯಿಯ ಮುಖಕ್ಕೇ ವಿಡಿಯೋ ಹಿಡಿದರು.

"ಅಮ್ಮಾ, ನಿಮ್ಮ ಮಗಳ ಜಾಗಕ್ಕೆ ಯಾರು ಬರ್ತಾರೆ? ಕರಿಮೋಡ ಇಲ್ಲೇ ಇದ್ದಾನಂತೆ ಹೌದಾ? ಗೇಮ್ ಮಾರ್ಬಿಟ್ರಾ?"

ಸುದ್ದಿ ತಿಳಿದು ಅಂಬುಜಾ ಓಡಿ ಬರುವಷ್ಟರಲ್ಲಿ ಅವರೆಲ್ಲ ಹೋಗಿಯಾಗಿತ್ತು. ಬದ್ರುನ್ನೀಸಾ ಅಮ್ಮಿ ಗೋಡೆಗೊರಗಿ ಕೂತಿದ್ದರು. ಒಂದೇ ಮಾತು, ಮತ್ತೆ ಮತ್ತೆ.

"ಮಗಳ ಜಾಗಕ್ಕೆ ಯಾರು ಬತ್ತಾರೆ ಬೇಟಾ... ಮಗಳ ಜಾಗಕ್ಕೆ ಯಾರಾದ್ರೂ ಬತ್ತಾರಾ?"

ಹೊನ್ನಯ್ಯ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ಕೆಂಡವಾಗಿತ್ತು.

"ನಿಮ್ಗೊಬ್ರಿಗೇ ಗೊತ್ತಿದ್ದಿದ್ದು," ಎಂದ.

"ಹೊನ್ನಯ್ಯಾ, ನಾನಲ್ಲ..."

"ನಿಮ್ ಗುಂಪಲ್ಲಿ ದೊಡ್ಡೋರಾಗ್ಬೇಕಿತ್ತು. ಆಯ್ತಲ್ಲ? ಈಗ ಹೋಗಿ."

"ನಮ್ಮವ್ವನಾಣೆ ಹಾಕಿದ್ನಲ್ರೀ!"

"ಹೋಗಿ ಅಂದೆ!"

ಇಲ್ಲದ ಅವ್ವನ ಆಣೆಯನ್ನೂ ನಂಬಲಿಲ್ಲವಲ್ಲ... ಅಂಬುಜಾ ತಿರುಗಿ ನಡೆದಳು. ರಸ್ತೆಯಲ್ಲಿ ಅಳಲಿಲ್ಲ. ಮನೆಗೆ ಬಂದು ಹುಳುಮನೆಯ ಕದ ಹಾಕಿಕೊಂಡು, ಹುಳ ಸೊಪ್ಪು ತಿನ್ನುವ ಸರಸರ ಸದ್ದಿನಲ್ಲಿ ತನ್ನ ಬಿಕ್ಕು ಯಾರಿಗೂ ಕೇಳದಂತೆ ಅತ್ತಳು.

ಅವನ ಮೇಲೆ ಸಿಟ್ಟಿತ್ತು. ಆದರೂ ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಗೋಡೆಗೊರಗಿದ ಆ ತಾಯಿ. ಇಷ್ಟು ದಿನ ತಾನೂ ಅದೇ ಪ್ರಶ್ನೆ ಕೇಳಿದವಳಲ್ಲವೇ? ಯಾರು ಮಾಡ್ತಾರೆ, ಯಾರು ಬರ್ತಾರೆ ಅಂತ ಪಂದ್ಯ ಕಟ್ಟಿಕೊಂಡು ನಕ್ಕವಳಲ್ಲವೇ?

ಫೋನು ತೆಗೆದಳು. ಗುಂಪಿಗೆ ಮೊದಲ ಸಲ ತನ್ನ ದನಿಯಲ್ಲೇ ಮಾತಾಡಿದಳು.

"ನಾನು ಕಲ್ಲುಗುಡ್ಡ. ನನ್ ಹೆಸ್ರು ಅಂಬುಜಾ, ಬೈರಮಂಗಲದ ಕರಿಯಪ್ಪನ ಮಗಳು. ನಾವು ಕೇಳ್ತಿರೋದು ಬರೀ ಡೈರೆಕ್ಟರ್ ಸೀಟಲ್ಲ ಕಣ್ರಪ್ಪ. ಅದು ಒಬ್ಬ ತಾಯಿ ಮಗಳನ್ನ ಕಳ್ಕೊಂಡಿರೋ ಜಾಗ. ನಿಮ್ಮನೇಲೂ ಯಾರಾದ್ರೂ ಹೋಗಿರ್ತಾರೆ. ಅವ್ರ ಜಾಗಕ್ಕೆ ಯಾರ್ ಬತ್ತಾರೆ ಅಂತ ವಿಡಿಯೋ ಹಿಡ್ಕೊಂಡು ಬಂದ್ರೆ ಹೆಂಗಿರ್ತದೆ? ಮೂರನೇದು ಬರ್ದೇ ಇದ್ರೂ ಬ್ಯಾಡ. ಆಯಮ್ಮನ ತಂಟೆಗೆ ಹೋಗ್ಬ್ಯಾಡಿ... ಕೈ ಮುಗೀತೀನಿ."

ಗುಂಪಿನಲ್ಲಿ ಕೆಲವರು ಹೀಯಾಳಿಸಿದರು. "ಹೆಣ್ಣಾ ನೀನು? ಹುಳ ಮೇಯಿಸ್ಕೊಂಡು ಬಿದ್ದಿರು" ಎಂದವನೂ ಇದ್ದ. ಆದರೆ ಸಂಜೆಯ ಹೊತ್ತಿಗೆ ಕನಕಪುರದ ಒಬ್ಬ ತಾನಾಗಿಯೇ ಬರೆದ. ಮುನವ್ವರಾಳ ಹಳೇ ಫೋಟೋದಲ್ಲಿ ಘಟಕದ ಬೋರ್ಡು ಕಂಡು ವಿಳಾಸ ಹುಡುಕಿದ್ದು ತಾನೇ. ಹೋಗಿ ಕೇಳಿದಾಗ, ಅಲ್ಲಿ ಚಿತ್ರ ಬರೆಯುವ ಹುಡುಗನೊಬ್ಬ ಇದ್ದಾನೆಂದು ಪಕ್ಕದ ಅಂಗಡಿಯವನು ಹೇಳಿದನಂತೆ. ತಪ್ಪಾಯ್ತು ಅಂದ. ವಿಡಿಯೋಗಳು ಒಂದೊಂದಾಗಿ ಅಳಿಸಿಹೋದವು.

ಅಂಬುಜಾ ಮಾತ್ರ ಮಾರುಕಟ್ಟೆಗೆ ಹೋಗುವುದನ್ನೇ ಬಿಟ್ಟಳು. ಗೂಡು ಹಾಕಿಕೊಂಡು ಕರಿಯಪ್ಪನೇ ಹೋಗಿಬರುತ್ತಿದ್ದ. ಮಗಳ ಬಾಡಿದ ಮುಖ ನೋಡಿ ಏನೋ ಕೇಳಲು ಬಾಯಿ ತೆರೆದು, ತೋಟದ ಕಡೆ ನಡೆದುಬಿಡುತ್ತಿದ್ದ.

ಆ ಬೆಳೆಯ ಹುಳ ಗೂಡು ಕಟ್ಟುವ ಹದಕ್ಕೆ ಬಂದು ಹಣ್ಣಾದ ದಿನ. ಹಣ್ಣಾದ ಹುಳ ಕಾಯುವುದಿಲ್ಲ. ಆರಿಸಿ ಆರಿಸಿ ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ, ಬಿಡಲೇಬೇಕು, ಇಲ್ಲವೇ ಎಲ್ಲೆಂದರಲ್ಲಿ ನೂಲು ಸುತ್ತಿಬಿಡುತ್ತವೆ. ಅಂಬುಜಾ ತಲೆ ಎತ್ತದೆ ಆರಿಸುತ್ತಿದ್ದಳು.

ಪಕ್ಕದಲ್ಲಿ ಇನ್ನೊಂದು ಜೊತೆ ಕೈ ಬಂದು ಹುಳ ಆರಿಸತೊಡಗಿತು.

ಹೊನ್ನಯ್ಯ!

ಅವಳು ಮುಖ ತಿರುಗಿಸಿದಳು. ಕೈ ನಿಲ್ಲಿಸುವಂತಿರಲಿಲ್ಲ.

"ಗುಂಪಿಗೆ ಹಾಕಿದ ನಿನ್ ಮಾತು ಕೇಳ್ದೆ," ಎಂದ. "ಅಮ್ಮಿಗೂ ಕೇಳಿಸ್ದೆ. 'ಈ ಹುಡ್ಗೀನಾ ನೀನು ಬೈದಿದ್ದು?' ಅಂತ ನನ್ ಬೆನ್ನಿಗೆ ಹೊಡುದ್ರು. ಅಂಬುಜಾ... ನಿನ್ ಆಣೆ ನಂಬ್ದೆ ಹೋದೆ. ಕ್ಷಮ್ಸು ಅನ್ನಕ್ಕೂ ಮುಖ ಇಲ್ಲ."

ಅವಳ ಕಣ್ಣಿಂದ ಚಂದ್ರಿಕೆಯ ಮೇಲೆ ಒಂದು ಹನಿ ಬಿತ್ತು.

"ಒಂದ್ ವಿಷ್ಯ ಹೇಳ್ಬೇಕು. ಮೂರನೇ ಭಾಗ ಹೆಂಗ್ ಮುಗೀತದೆ ಅಂತ ಅಕ್ಕ ನಂಗೆ ಹೇಳಿದ್ಳು." ಅವನು ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟ. "ಆ ಹುಡ್ಗಿಗೆ ಅವ್ವ ಸಿಗಲ್ಲ ಅಂಬುಜಾ. ಗವಿ ಖಾಲಿ ಇರ್ತದೆ. ಅಕ್ಕ ಹೋದ್ಮೇಲೆ ಆ ಖಾಲಿ ಗವಿ ಬರೆಯಕ್ಕೆ ನಂಗೆ ಕೈನೇ ಏಳ್ಲಿಲ್ಲ. ನೀನು 'ಕಾಯ್ತಾ ಇವ್ನಿ' ಅಂದಾಗ್ಲೂ... ಹೇಳಕ್ಕಾಗ್ಲಿಲ್ಲ."

ಅವಳ ಕೈ ನಿಂತಿತು.

"ಗೊತ್ತಿತ್ತು," ಎಂದಳು. "ಸಿಗಲ್ಲ ಅಂತ ಗೊತ್ತಿತ್ತು. ಯಾರಾದ್ರೂ ಬಾಯ್ಬಿಟ್ಟು ಹೇಳ್ಲಿ ಅಂತ ಕಾಯ್ತಿದ್ದೆ."

ಅವ್ವ ಹೋದ ಮೇಲೆ ಯಾರ ಮುಂದೆಯೂ ಅಳದಿದ್ದವಳು ಅವನ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟಳು. ಅವನೂ ಅತ್ತ.

"ಅಮ್ಮಿ ಮುಗ್ಸು ಅಂದ್ರು," ಎಂದ ಕೊನೆಗೆ. "ಡೈರೆಕ್ಟರ್ ಹೆಸ್ರು ಅಕ್ಕಂದೇ ಇರ್ತದೆ. ಬೇರೆ ಯಾರ್ದೂ ಬರಲ್ಲ. ಆದ್ರೆ ಒಬ್ನೇ ಆ ಗವಿ ಮುಂದೆ ಕೂರಕ್ಕೆ ನಂಗೆ ಧೈರ್ಯ ಇಲ್ಲ ಕಣೇ. ಜೊತೇಲಿ ಇರ್ತೀಯಾ?"

"ಗೇಮ್ ಮುಗಿಯೋಗಂಟನಾ?"

"ನಾನ್ ಇರೋಗಂಟ."

ಅವಳು ಕಣ್ಣೊರೆಸಿಕೊಂಡಳು. ಅವನ ಅಂಗಿಯ ತೋಳಿನ ಮೇಲೆ ಹತ್ತಿದ್ದ ಹುಳವೊಂದನ್ನು ಮೆಲ್ಲಗೆ ಬಿಡಿಸಿ ಚಂದ್ರಿಕೆಗೆ ಬಿಟ್ಟಳು.

ಅಷ್ಟರಲ್ಲಿ ಸೊಪ್ಪಿನ ಹೊರೆ ಇಳಿಸಿದ ಕರಿಯಪ್ಪ ಬಾಗಿಲ ಹೊರಗಿನಿಂದ ಕೂಗಿದ.

"ಯಾರವ್ವಾ ಒಳಗೆ?"

ಹೊನ್ನಯ್ಯ ಗಾಬರಿಯಿಂದ ಅವಳ ಮುಖ ನೋಡಿದ.

"ನಮ್ಮೋರೇ ಕಣಪ್ಪಾ," ಎಂದಳು ಅಂಬುಜಾ.