ಇಳಕಲ್ ಸೀರೆಯ ನಲವತ್ತೆರಡು ಚೌಕಗಳು

"ಸಾಯಿ ಕಳ್ಳಿ ಅಂತ ನಾನು ಹೇಳಲೇ ಇಲ್ಲ ಅಕ್ಕ. ಆದರೆ ಸ್ವಲ್ಪ ದಿನ ಬರಬೇಡ ಅಂದೆ. ಎರಡೂ ಒಂದೇ ಅಲ್ವಾ?"

ಅಡ್ಯಾರಿನಿಂದ ಕೋಡಂಬಾಕ್ಕಂವರೆಗೆ ಆಟೋದಲ್ಲಿ ಬಂದಿದ್ದ ಪೂರ್ಣಿಮಾ, ಕೊಟ್ಟ ಕಾಫಿಯನ್ನು ಮುಟ್ಟದೆ ಹೀಗೆ ಕೇಳಿದಳು. ಕೇಳಿದ್ದು ಅಮ್ಮಣ್ಣಿ ಅಕ್ಕನನ್ನು. ಮೂವತ್ತು ವರ್ಷ ಸಿನಿಮಾ ಕಂಪನಿಗಳ ಬಟ್ಟೆ ವಿಭಾಗದಲ್ಲಿ ದುಡಿದವರು ಅವರು. ಯಾವ ದೃಶ್ಯದಲ್ಲಿ ಯಾರ ಸೆರಗು ಎಲ್ಲಿತ್ತು, ಯಾವ ಗುಂಡಿ ಬಿಚ್ಚಿತ್ತು ಎಂದು ಬರೆದಿಡುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ನಮ್ಮ ಕಟ್ಟಡದವರೆಲ್ಲ ತಮ್ಮ ಗೋಜಲುಗಳನ್ನು ಅವರ ಬಳಿಗೇ ತರುತ್ತಿದ್ದರು. ನಾನು ತುಂಗಾ, ಎದುರುಮನೆಯ ನಿವೃತ್ತ ಶಿಕ್ಷಕಿ. ಅವರು ಹೋದಲ್ಲೆಲ್ಲ ಜೊತೆಗೆ ಹೋಗುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ನಡೆದದ್ದು ಇಷ್ಟು. ಪೂರ್ಣಿಮಾ ತನ್ನ ಮನೆಯ ಮಹಡಿಯಲ್ಲಿ ಕೌದಿ ಹೊಲಿಯುವ ತರಗತಿ ನಡೆಸುತ್ತಿದ್ದಳು. ಒಂದೇ ಅಳತೆಗೆ ಕತ್ತರಿಸಿ ಕಟ್ಟಿದ ಬಟ್ಟೆಯ ಚೌಕಗಳು ಪೊಟ್ಟಣದಲ್ಲಿ ಸಿಗುತ್ತವೆ; ತರಗತಿಯವರು ಅವನ್ನೇ ಜೋಡಿಸಿ ಹೊಲಿಯುತ್ತಿದ್ದರು. ಬಾಗಲಕೋಟೆ ಕಡೆಯ ನೀಲಗಂಗಮ್ಮ ಹುಟ್ಟಲಿರುವ ಮರಿಮಗುವಿಗೆ ಕೌದಿ ಹೊಲಿಯುತ್ತಿದ್ದರು. ತೀರಿಹೋದ ಮಗಳ ಕೆಂಪು ಇಳಕಲ್ ಸೀರೆಯನ್ನೂ ಅದರಲ್ಲಿ ಸೇರಿಸಬೇಕೆಂಬುದು ಅವರ ಆಸೆ. ತರಗತಿಯವರಿಗೆ ಬಟ್ಟೆ ಕತ್ತರಿಸಿಕೊಡಲು ತಾಂಬರಂನಿಂದ ಬರುತ್ತಿದ್ದ ಸಾಯಿ ಎಂಬ ಹೆಂಗಸು ಬುಧವಾರ ಆ ಸೀರೆಯಲ್ಲಿ ಸವೆಯದೆ ಉಳಿದಿದ್ದ ಭಾಗವನ್ನೆಲ್ಲ ಐದಂಗುಲದ ನಲವತ್ತೆರಡು ಚೌಕಗಳಾಗಿ ಕತ್ತರಿಸಿ ಡಬ್ಬಿಗೆ ತುಂಬಿಕೊಟ್ಟಳು. ಶನಿವಾರ ತರಗತಿಯಲ್ಲಿ ಡಬ್ಬಿ ತೆರೆದಾಗ ಅದರಲ್ಲಿದ್ದದ್ದು ಪೊಟ್ಟಣದ ಕೆಂಪು ಚೌಕಗಳು. ಅಜ್ಜಿಗೆ ಕಣ್ಣು ಮಂಜು, ಆದರೆ ಬೆರಳಿಗೆ ಗೊತ್ತಾಯಿತು. ಸಾಯಿ ಬುಧವಾರ ಒಂದು ಚೀಲ ಚೂರುಬಟ್ಟೆ ಮನೆಗೆ ಒಯ್ದಿದ್ದನ್ನು ಯಾರೋ ನೆನಪಿಸಿದರು. ಅಷ್ಟು ಸಾಕಾಯಿತು. ಅದು ನಡೆದು ಆಗಲೇ ಹತ್ತು ದಿನವಾಗಿತ್ತು.

"ಬದಲಿಗೆ ಬಂದ ಚೌಕಗಳು ಯಾರವು?" ಎಂದರು ಅಮ್ಮಣ್ಣಿ ಅಕ್ಕ.

ಆ ಡಿಸೈನಿನ ಪೊಟ್ಟಣಗಳು ಎರಡೇ ಬಂದಿದ್ದವು, ಎರಡನ್ನೂ ಅಜ್ಜಿಯೇ ಕೊಂಡಿದ್ದರು, ಒಂದನ್ನು ಆಗಲೇ ಹೊಲಿದು ಮುಗಿಸಿದ್ದರು ಎಂದಳು ಪೂರ್ಣಿಮಾ.

ಮರುದಿನ ನಾವು ಮೊದಲು ತರಗತಿಯ ಕೋಣೆ ನೋಡಿದೆವು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಸೂಚನೆ ಇತ್ತು: ಕತ್ತರಿಸಿದ ತುಂಡುಗಳನ್ನು ಹೊಲಿಯುವ ಮುಂಚೆ ಒಗೆಯಬೇಡಿ. ಹೊಸಬರು ಬಂದಾಗಲೆಲ್ಲ ತಾನು ಹೇಳಿಕೊಡುವ ಮೊದಲ ಪಾಠವೇ ಅದು ಎಂದಳು ಪೂರ್ಣಿಮಾ. ಡಬ್ಬಿಯ ಚೌಕಗಳ ಅಂಚು ಗರಗಸದ ಹಲ್ಲಿನ ಹಾಗಿತ್ತು. ಸಾಯಿ ಬ್ಲೇಡಿನಲ್ಲಿ ಕತ್ತರಿಸುವ ಅಂಚು ನೇರ.

ಅಲ್ಲಿಂದ ನೀಲಗಂಗಮ್ಮನವರ ಮನೆಗೆ ನಡೆದೇ ಹೋದೆವು. ಅವರ ಯಜಮಾನರು ಹಾಲಸಿದ್ದಪ್ಪನವರು ಸೌಕಾರ್‌ಪೇಟೆಯಲ್ಲಿ ನಲವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದವರು. ದಿನಾ ಹೆಂಡತಿಯನ್ನು ತರಗತಿಗೆ ಬಿಟ್ಟು, ಕೆಳಗಿನ ಜಗಲಿಯಲ್ಲೇ ಕೂತು, ಮತ್ತೆ ಕರೆದುಕೊಂಡು ಬರುತ್ತಿದ್ದರು. ಹೆಂಗಸರ ತರಗತಿಯೆಂದು ಒಮ್ಮೆಯೂ ಮೇಲೆ ಹತ್ತಿದವರಲ್ಲ.

ಡಬ್ಬಿ ಆ ಬುಧವಾರದಿಂದ ಮನೆಯ ದೇವರ ಜಗಲಿಯ ಮೇಲಿತ್ತು, ಗುರುವಾರ ಮಾತ್ರ ತಾನು ಬಸುರಿ ಮೊಮ್ಮಗಳು ಬಿಂದುವನ್ನು ಆಸ್ಪತ್ರೆಗೆ ತೋರಿಸಲು ಹೋಗಿದ್ದೆ ಎಂದರು ಅಜ್ಜಿ. "ಕಳುವು ಅನಬ್ಯಾಡ್ರಿ. ಆ ಹುಡುಗಿ ಅಂಥಾಕಿ ಅಲ್ಲ. ಆದ್ರ ನನ್ನ ಮಗಳ ಸೀರಿ ಎಲ್ಲಿ ಹೋತು, ಅದಷ್ಟ ಹೇಳ್ರಿ."

ಹಾಲಸಿದ್ದಪ್ಪನವರು ಹೆಚ್ಚು ಮಾತಾಡಲಿಲ್ಲ. ಅಮ್ಮಣ್ಣಿ ಅಕ್ಕ ಅಂಗಡಿಯ ವಿಷಯ ತೆಗೆದ ಮೇಲೆ ಸ್ವಲ್ಪ ಸಡಿಲವಾದರು. ಬಟ್ಟೆ ಕೊಂಡವರಿಗೆಲ್ಲ ತಾನು ಹೇಳುತ್ತಿದ್ದದ್ದು ಒಂದೇ ಮಾತು, ನೀರಿಗೆ ಹಾಕದೆ ಹೊಲಿಗೆಗೆ ಕೊಡಬೇಡಿ ಎಂದರು. ಅವರು ಉಟ್ಟಿದ್ದ ಬಿಳಿ ಪಂಚೆಯ ಒಂದು ಬದಿ ತುಸು ಗುಲಾಬಿಯಾಗಿತ್ತು. ಹೊರಡುವಾಗ ಅಕ್ಕ ಬಾಲ್ಕನಿಗೆ ಹೋಗಿ ಹಗ್ಗದ ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಎರಡರ ಹಲ್ಲಿಗೆ ಕೆಂಪು ನೂಲು ಸುತ್ತಿಕೊಂಡಿತ್ತು.

ಶನಿವಾರ ಮಧ್ಯಾಹ್ನ ಎಲ್ಲರೂ ತರಗತಿಯ ಕೋಣೆಯಲ್ಲಿ ಸೇರಬೇಕೆಂದು ಅಕ್ಕ ಹೇಳಿಕಳಿಸಿದರು. ತಾಂಬರಂಗೆ ಹೋಗಿ ಸಾಯಿಯನ್ನು ಕರೆತಂದದ್ದು ನಾನು. ರೈಲಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: "ನಾನ್ ಎಡುಕ್ಕಲೆ, ಟೀಚರಮ್ಮ." ನಾನು ತೆಗೆದುಕೊಂಡಿಲ್ಲ ಎಂದು. ಹಾಲಸಿದ್ದಪ್ಪನವರು ಅಂದು ಮೊದಲ ಬಾರಿಗೆ ಆ ಮೆಟ್ಟಿಲು ಹತ್ತಿದರು. ಬಿಂದು ಅವರ ಕೈ ಹಿಡಿದಿದ್ದಳು. ಅವಳಿಗೆ ಎಂಟು ತಿಂಗಳು, ಆದರೂ ಆಸರೆ ಬೇಕಾಗಿದ್ದದ್ದು ಅವರಿಗೇ ಎಂದು ನನಗನಿಸಿತು.

"ಕಳ್ಳರು ಕದ್ದು ಹೋಗ್ತಾರೆ, ಬದಲಿ ಇಟ್ಟು ಹೋಗುವುದಿಲ್ಲ," ಎಂದು ಅಮ್ಮಣ್ಣಿ ಅಕ್ಕ ಶುರುಮಾಡಿದರು. "ಇಲ್ಲಿ ಯಾರೋ ನಲವತ್ತೆರಡನ್ನೂ ಎಣಿಸಿ ಇಟ್ಟಿದ್ದಾರೆ. ಅಜ್ಜಿಗೆ ಗೊತ್ತಾಗಬಾರದು, ನೋವಾಗಬಾರದು ಅಂತ ಇಟ್ಟದ್ದು ಅದು. ಆ ಚೌಕಗಳು ಬಂದದ್ದೆಲ್ಲಿಂದ? ಉಳಿದಿದ್ದ ಒಂದೇ ಪೊಟ್ಟಣದಿಂದ. ಆ ಪೊಟ್ಟಣ ಇದ್ದದ್ದು ಅಜ್ಜಿಯ ಮನೆಯಲ್ಲಿ. ಸಾಯಿ ಆ ಮನೆಯ ಹೊಸ್ತಿಲು ತುಳಿದವಳಲ್ಲ."

ಅಕ್ಕ ಅಜ್ಜಿಯ ಕಡೆ ತಿರುಗಿದರು.

"ಸೀರೆಯ ತುಂಡುಗಳಿಗೆ ಏನಾಯಿತು ಅಂತ ಬಾಲ್ಕನಿಯ ಕ್ಲಿಪ್ಪುಗಳು ಹೇಳಿದವು. ಯಾರೋ ಒಗೆದು ಒಣಹಾಕಿದ್ದಾರೆ. ನೇರವಾಗಿ ಕತ್ತರಿಸಿದ ಸಣ್ಣ ತುಂಡು ನೀರಿಗೆ ಬಿದ್ದರೆ ಅಂಚೆಲ್ಲ ನೂಲಾಗಿ ಬಿಡ್ತದೆ, ಕುಗ್ಗಿ ಸೊಟ್ಟಾಗ್ತದೆ. ತರಗತಿಯ ಯಾರೂ ಈ ತಪ್ಪು ಮಾಡುವವರಲ್ಲ, ಈ ಗೋಡೆಯನ್ನು ದಿನಾ ನೋಡುವವರು ಅವರು. ಹಾಗಾದರೆ ಈ ಗೋಡೆಯನ್ನೇ ನೋಡದವರು. ಗುರುವಾರ ಮನೆಯಲ್ಲಿ ಒಬ್ಬರೇ ಇದ್ದವರು. ಬಟ್ಟೆ ಅಂದರೆ ಮೊದಲು ನೀರಿಗೆ ಹಾಕಬೇಕು ಅಂತ ಜೀವಮಾನವೆಲ್ಲ ನಂಬಿದವರು. ಕೆಂಪು ಬಣ್ಣ ಅವರ ಪಂಚೆಗೂ ತಾಗಿದೆ." ಅಕ್ಕ ದನಿ ತಗ್ಗಿಸಿದರು. "ಉಳಿದದ್ದನ್ನು ನಾನು ಹೇಳಬಾರದು."

ಹಾಲಸಿದ್ದಪ್ಪನವರು ಅಂಗಿಯೊಳಗಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡು ವಾರದಿಂದ ಅದನ್ನು ಮೈಮೇಲೆಯೇ ಇಟ್ಟುಕೊಂಡು ತಿರುಗಿದ್ದರೆಂದು ಆಮೇಲೆ ತಿಳಿಯಿತು.

"ಆರು ವರ್ಷ ಪೆಟ್ಟಿಗ್ಯಾಗಿತ್ತು ಸೀರಿ. ನುಸಿಗುಳಿಗಿ ವಾಸನಿ. ಎಳೀ ಕೂಸಿನ ಮೈಗೆ ಹೊದಸೋದು, ತೊಳದಿಡೂಣು ಅಂತ ಮಾಡಿದೆ," ಎಂದರು. "ಥಾನುಗಟ್ಟಲೆ ಬಟ್ಟಿ ಮಾರಿದಾವ ನಾ. ಮಗಳ ಸೀರಿ ನನ್ನ ಕೈಯಾಗ ಚಿಂದಿ ಆತು. ಹೆಂಗ ಹೇಳ್ಲಿ?"

ನೀಲಗಂಗಮ್ಮ ಆ ಎಳೆಬಿಟ್ಟ ತುಂಡುಗಳನ್ನು ತುಂಬ ಹೊತ್ತು ಸವರಿದರು. ಆಮೇಲೆ ಗಂಡನ ಕಡೆ ತಿರುಗಿದರು. "ಸೀರಿ ಹೋದ್ರ ಅತ್ತು ಸುಮ್ಮನಾಗತಿದ್ದೆ. ಈ ಹುಡುಗಿಗೆ ಎರಡು ವಾರ ಕಳ್ಳಿ ಅನ್ನಿಸಿದ್ರಲ್ಲ, ಅದಕ್ಕ ಏನ್ ಮಾಡ್ತೀರಿ?"

ಹಾಲಸಿದ್ದಪ್ಪನವರು ಎದ್ದು ಸಾಯಿಗೆ ಕೈ ಮುಗಿದರು. ಪೂರ್ಣಿಮಾ ಕೂಡ ಕ್ಷಮೆ ಕೇಳಿದಳು, ಕಣ್ಣೊರೆಸಿಕೊಂಡಳು. ಸಾಯಿ ಕೂಡಲೇ ಕರಗಲಿಲ್ಲ. ಇಲ್ಲಿ ನಾಲ್ಕು ಜನಕ್ಕೆ ಗೊತ್ತಾದರೆ ಸಾಲದು, ಮನೆಯಲ್ಲಿ ಅತ್ತೆ ದಿನಾ ಚುಚ್ಚುತ್ತಿದ್ದಾರೆ, ಅವರ ಬಾಯಿಗೆ ಯಾರು ಉತ್ತರ ಕೊಡುತ್ತಾರೆ ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದಳು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಮೇಜಿನ ಬಳಿ ಬಂದು ಆ ತುಂಡುಗಳನ್ನು ಬೆಳಕಿಗೆ ಹಿಡಿದಳು. ಇಸ್ತ್ರಿಗೆ ಅಂಟುವ ತೆಳುಬಟ್ಟೆಯನ್ನು ಹಿಂಬದಿಗೆ ಕೊಟ್ಟು ನಾಲ್ಕಂಗುಲಕ್ಕೆ ಕತ್ತರಿಸಿದರೆ ಮೂವತ್ತಾದರೂ ಉಳಿಯುತ್ತವೆ ಎಂದಳು. ಸಂಜೆಯೊಳಗೆ ಮೂವತ್ತೊಂದು ಉಳಿದವು.

ಅಂದು ಸಾಯಿ ಹೊರಟಾಗ ಹಾಲಸಿದ್ದಪ್ಪನವರು ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆಯೇ ಇಳಿದರು. ಎಂಬತ್ತರ ಮುದುಕರನ್ನು ಒಬ್ಬರೇ ಬಿಡಲಾರದೆ ನಾನೂ ಅಕ್ಕನೂ ಹೋದೆವು. ಗಿಂಡಿ ನಿಲ್ದಾಣದಲ್ಲಿ ರೈಲು ಹತ್ತಿ ತಾಂಬರಂನಲ್ಲಿ ಇಳಿದೆವು. ಸಾಯಿಯ ಅತ್ತೆ ಬಾಗಿಲು ತೆರೆದು ಒಳಗೆ ಬನ್ನಿ ಎಂದರೂ ಹಾಲಸಿದ್ದಪ್ಪನವರು ಹೊಸ್ತಿಲು ದಾಟಲಿಲ್ಲ. ಅಕ್ಕಪಕ್ಕದವರು ಬಂದು ನಿಲ್ಲುವವರೆಗೆ ಕಾದರು. ಆಮೇಲೆ ಅಂಗಡಿಯಲ್ಲಿ ಕಲಿತ ತಮ್ಮ ತಮಿಳಿನಲ್ಲಿ ತಪ್ಪು ತನ್ನದು, ನಿಮ್ಮ ಸೊಸೆಯದಲ್ಲ ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಸಾಯಿ ಒಳಗೆ ಹೋಗಿ ಒಂದು ಕುರ್ಚಿ ತಂದು ಅವರ ಹಿಂದೆ ಇಟ್ಟಳು.