ನೀಲಿ ಬಾಗಿಲಿನ ಮನೆ

ಇದು ಹಾಡಹಗಲಲ್ಲಿ ನನಗೇ ಆದದ್ದು. ಅಕ್ಕ ತೀರಿಕೊಂಡ ಮೇಲೆ ಭಾವ ಅವಳ ನೀಲಿ ಅಂಗಿಯನ್ನು ನನ್ನ ಕೈಗೆ ಕೊಟ್ಟು, "ಮಗಳು ದೊಡ್ಡವಳಾದ್ಮೇಲೆ ಹಾಕ್ಕೊಳ್ಲಿ, ಜೋಪಾನವಾಗಿಡಮ್ಮ" ಅಂದಿದ್ದರು.

ಆ ದಿನ ಚೂರುಬಟ್ಟೆಗಳಲ್ಲಿ ಪುಟ್ಟ ಪುಟ್ಟ ಮನೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದೆ. ಒಂದು ಮನೆಯ ಬಾಗಿಲಿಗೆ ಯಾವ ಬಣ್ಣವೂ ಒಪ್ಪಲಿಲ್ಲ. ಅಕ್ಕನ ಅಂಗಿಯ ಅಂಚಿನಲ್ಲಿ ಅಂಗೈಯಗಲ ತೆಗೆದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಕತ್ತರಿ ಹಾಕಿಬಿಟ್ಟೆ.

ಹೊಲಿದು ಕೈಯಾಡಿಸಿದರೆ ಕೌದಿಯೆಲ್ಲ ತಣ್ಣಗಿತ್ತು. ನೀಲಿ ಬಾಗಿಲು ಮಾತ್ರ ಆಗಷ್ಟೇ ಮೈಯಿಂದ ಕಳಚಿದ ಬಟ್ಟೆಯ ಹಾಗೆ ಬೆಚ್ಚಗಿತ್ತು. ಊಟ ಮಾಡಿ ಬಂದು ನೋಡಿದಾಗ ಅದರ ಮೂರು ಬದಿಯ ಹೊಲಿಗೆ ಬಿಚ್ಚಿಹೋಗಿ, ನಿಜವಾದ ಬಾಗಿಲಿನಂತೆ ತೆರೆದುಕೊಂಡಿತ್ತು. ಮತ್ತೆ ಹೊಲಿದೆ. ನೀರು ಕುಡಿದು ಬರುವಷ್ಟರಲ್ಲಿ ಮತ್ತೆ ತೆರೆದಿತ್ತು.

ತಡೆಯಲಾರದೆ ಅಂಗಿ ಎತ್ತಿಕೊಂಡು ಭಾವನ ಮನೆಗೆ ಓಡಿದೆ. "ತಪ್ಪಾಯ್ತು ಭಾವ, ಕತ್ತರಿಸಿಬಿಟ್ಟೆ" ಎನ್ನುತ್ತ ಅತ್ತುಬಿಟ್ಟೆ.

ಅವರು ಅಂಗಿ ಬಿಡಿಸಿ ನೋಡಿದರು. "ತೇಪೆ ಹಾಕಿದ್ದೀಯಲ್ಲ, ಅದಕ್ಯಾಕೆ ಅಳ್ತೀಯಾ?"

ನಾನು ತೇಪೆ ಹಾಕಿರಲಿಲ್ಲ. ಕತ್ತರಿಸಿದ ಜಾಗಕ್ಕೆ ಹಳದಿ ಹೂವಿನ ತುಂಡೊಂದನ್ನು ಯಾರೋ ಕೈಯಲ್ಲೇ ಸಣ್ಣಗೆ ಹೊಲಿದಿದ್ದರು.

ಭಾವ ನನ್ನ ಕಾಲಿನತ್ತ ಬೆರಳು ತೋರಿಸಿದರು. ನಾನು ತೊಟ್ಟಿದ್ದ ಹಳದಿ ಹೂವಿನ ಲಂಗದ ಅಂಚಿನಲ್ಲಿ ಅಷ್ಟೇ ಅಗಲದ ಬಟ್ಟೆ ಇರಲಿಲ್ಲ.