ಆಕೆ ಏನಂದಳು?

1983ರ ಮಾರ್ಚ್ 15, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಕೊಲ್ಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಮುದಕವ್ವ ಐದು ತಿಂಗಳ ಮೇಲೆ ತನ್ನ ಗಂಡನನ್ನು ನೋಡಿದಳು. ಅವನಿಂದ ಬೇರೆಯಾಗುವ ಕಾಗದಕ್ಕೆ ಸಹಿ ಹಾಕಲು ಬಂದಿದ್ದಳು.

ಇಚಲಕರಂಜಿಯ ಬಸ್ಸಿನಿಂದ ಇಳಿದ ಕಾಡಪ್ಪ ಜನರ ನಡುವೆ ಅವಳನ್ನು ಹುಡುಕಿದ. ನಲವತ್ತೇಳರ ವಯಸ್ಸು. ಗಡ್ಡ ಬೋಳಿಸಿರಲಿಲ್ಲ.

'ಸೊರಗ್ಯಾರ...' ಎಂದಿತು ಮುದಕವ್ವನ ಮನಸ್ಸು.

'ಸೊರಗಲಿ!' ಎಂದಿತು ಮರುಗಳಿಗೆ ಅದೇ ಮನಸ್ಸು.

ಅವನು ಹತ್ತಿರ ಬಂದಾಗ ಅವಳು ಸೆರಗನ್ನು ಬಾಯಿಯ ಮೇಲೆಳೆದುಕೊಂಡು ಆ ಕಡೆ ತಿರುಗಿದಳು.

ತವರೂರು ಗಡಹಿಂಗ್ಲಜದಿಂದ ಅವಳ ಜೊತೆ ಬಂದಿದ್ದ ತಮ್ಮ ಬಸವಣ್ಣೆಪ್ಪನೇ ಮಾತನಾಡಿದ. "ಮಾಮಾ, ವಕೀಲರು ಕೋರ್ಟಿನ್ಯಾಗ ಅದಾರಂತ. ಆರಕ್ಕ ಬರ್ರಿ ಅಂದಾರ. ನಂದು ಬೆಲ್ಲದ ಪ್ಯಾಟ್ಯಾಗ ಕೆಲಸೈತಿ. ಅಲ್ಲೀತನಕ ಇಬ್ರೂ ಎಲ್ಲೆರೆ ಕುಂದರ್ರಿ. ಜಗಳಾ ತಗೀಬ್ಯಾಡ್ರಿ ಮತ್ತ!"

"ಜಗಳಕ್ಕ ಇಬ್ರು ಬೇಕೋ ತಮ್ಮಾ," ಎಂದಳು ಮುದಕವ್ವ ಸೆರಗಿನೊಳಗಿಂದ. "ನಿಮ್ಮ ಮಾಮಾ ಬಾಯಿ ತಗದರ ತಾನ?"

ಕಾಡಪ್ಪ ಅದಕ್ಕೂ ಏನೂ ಅನ್ನಲಿಲ್ಲ. ಬಸವಣ್ಣೆಪ್ಪ ಪೇಟೆಯ ಕಡೆ ಹೋದ.

ಮದುವೆಯಾಗಿ ಇಪ್ಪತ್ತೆರಡು ವರ್ಷ. ಮಗಳು ಬಾಳಕ್ಕ ಮದುವೆಯಾಗಿ ಕಾಗಲ ಊರಿಗೆ ಹೋಗಿದ್ದಳು. ಕಾಡಪ್ಪ ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್. ಕೆಟ್ಟ ಮಗ್ಗಗಳನ್ನು ದುರಸ್ತಿ ಮಾಡುವವನು. ಚಹಾದಂಗಡಿಯಲ್ಲಿ ಗೆಳೆಯರ ಎದುರು ಕೂತರೆ ಕನ್ನಡ, ಮರಾಠಿ ಎರಡರಲ್ಲೂ ನಗಿಸುತ್ತಿದ್ದ. ಮನೆಗೆ ಬಂದರೆ ಮೂಕ. ಒಲೆಯ ಮುಂದಿನಿಂದ ಅವಳು ಹತ್ತು ಮಾತಾಡಿದರೆ ಒಂದಕ್ಕೂ ಉತ್ತರವಿಲ್ಲ.

ಹೋದ ಅಕ್ಟೋಬರಿನಲ್ಲಿ ಅವಳು ಜ್ವರದಿಂದ ಮಲಗಿದ್ದಳು. ನೀರು ಕೇಳಿದಳು. ನಾಲ್ಕು ಹೆಜ್ಜೆ ದೂರದಲ್ಲಿ ಬೆನ್ನು ಮಾಡಿ ಪೇಪರ್ ಓದುತ್ತಿದ್ದ ಕಾಡಪ್ಪ ಏಳಲಿಲ್ಲ. ಮೂರು ಸಲ ಕೇಳಿದಳು. ಕೊನೆಗೆ ತಾನೇ ಎದ್ದು ಕುಡಿದಳು. ಜ್ವರ ಇಳಿದ ದಿನ ತವರಿಗೆ ಹೊರಟಳು.

ಬಸ್ ಸ್ಟ್ಯಾಂಡಿನ ಎದುರಿನ ಗೋಡೆಯ ಮೇಲೆ ಒಂದು ಮರಾಠಿ ಸಿನಿಮಾದ ಪೋಸ್ಟರ್ ಇತ್ತು. ಒಂದೇ ಮಂಚದ ಎರಡು ಅಂಚಿಗೆ ಗಂಡ ಹೆಂಡತಿ ಬೆನ್ನು ಮಾಡಿ ಕೂತಿದ್ದರು. ಗಡಹಿಂಗ್ಲಜದ ಹೆಂಗಸರೆಲ್ಲ ಆ ಚಿತ್ರದ ಮಾತೇ ಆಡುತ್ತಿದ್ದರು.

ಮುದಕವ್ವನಿಗೆ ಹಟ ಬಂತು. 'ನೋಡಲಿ. ತಾ ಎಂಥಾ ಗಂಡ ಅಂತ ಕಣ್ಣಾರೆ ನೋಡಲಿ!' ಅವಳು ಪೋಸ್ಟರಿನತ್ತ ಕೈ ಮಾಡಿ ಮುಂದೆ ನಡೆದಳು. ಅವನು ಹಿಂದೆ ಬಂದ.

ಥೇಟರಿನಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಆಟ. ಮುದಕವ್ವ ಕುಳಿತು ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟಳು. ಕಾಡಪ್ಪ ಅದರಾಚೆಯ ಕುರ್ಚಿಯಲ್ಲಿ ಕುಳಿತ. ದೀಪ ಆರುವ ಹೊತ್ತಿಗೆ ಶೇಂಗಾ ಪೊಟ್ಟಣ ಹಿಡಿದ ದಪ್ಪ ಮನುಷ್ಯನೊಬ್ಬ ಬಂದು, ಕೈಚೀಲವನ್ನು ಅವಳ ಮಡಿಲಿಗೆ ಕೊಟ್ಟು, ಗಂಡ ಹೆಂಡತಿಯ ನಡುವೆ ಕುಳಿತುಬಿಟ್ಟ.

ಸಿನಿಮಾದಲ್ಲಿ ಪುಣೆಯ ಒಬ್ಬ ಮಾಸ್ತರ, ಅವನ ಹೆಂಡತಿ. ಹದಿನೆಂಟು ವರ್ಷದ ಸಂಸಾರ. ಆ ಹೆಂಗಸಿನ ಮುಖ ಪರದೆಯ ತುಂಬ ಬಂದು, "ನಾನು ಈ ಮನೆಯಲ್ಲಿ ಇದ್ದೇನೆ ಅಂತ ನಿಮಗೆ ಗೊತ್ತಿದೆಯೇ?" ಎಂದು ಮರಾಠಿಯಲ್ಲಿ ಕೇಳಿತು.

ಮುದಕವ್ವ ಓರೆಗಣ್ಣಿನಿಂದ ನೋಡಿದಳು. ಕಾಡಪ್ಪ ಅಳುತ್ತಿದ್ದ! ಮುಚ್ಚಿಡಲೂ ಇಲ್ಲ, ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಅವಳ ಎದೆಯಲ್ಲಿ ಕೆಂಡ ಬಿದ್ದಂತಾಯಿತು. 'ಯಾವಳೋ ಬಣ್ಣ ಹಚ್ಚಿಕೊಂಡಾಕಿ ಸಲುವಾಗಿ ಕಣ್ಣೀರು... ನನ್ನ ಸಲುವಾಗಿ ಎಂದರೆ ಬಂದಿತ್ತೇನು? ಸಹಿ ಹಾಕೇ ಹಾಕ್ತೇನಿ ಇವತ್ತ!'

ಅಷ್ಟರಲ್ಲಿ ಪರದೆಯ ಮೇಲಿನ ಹೆಂಗಸು ಕಿಟಕಿಯ ಕಡೆ ತಿರುಗಿ, ಬೆನ್ನು ಕಾಣುವಂತೆ ನಿಂತು ಏನೋ ಹೇಳಿದಳು. ಕಾಡಪ್ಪ ಪಕ್ಕದವನ ಕಡೆ ಬಾಗಿದ.

"ಕಾಯ್ ಮ್ಹಣಾಲಿ?" ಏನಂದಳು ಎಂದು ಅವನು ಕೇಳಿದ್ದು ಇಡೀ ಸಾಲಿಗೆ ಕೇಳಿಸಿತು.

ಪರದೆಯ ಬೆಳಕಿನಲ್ಲಿ ದಪ್ಪ ಮನುಷ್ಯ ಅವನತ್ತ ತಿರುಗಿ ಹೇಳಿದ. ಸ್ವಲ್ಪ ಹೊತ್ತಿಗೆ ಹೆಂಗಸು ಕತ್ತಲೆಯ ಕೋಣೆಯಿಂದ ಮಾತಾಡಿದಳು, ಮಾಸ್ತರ ಆ ಕಡೆ ತಿರುಗಿದ. ಕಾಡಪ್ಪ ಮತ್ತೆ ಕೇಳಿದ. ಮೂರನೆಯ ಸಲ ಅವಳು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತ ಮಾತಾಡಿದಾಗ ಮತ್ತೆ, "ಕಾಯ್ ಮ್ಹಣಾಲಿ?"

"ಬಹಿರಾ ಆಹೇಸ್ ಕಾಯ್ ರೇ?" ಎಂದು ದಪ್ಪ ಮನುಷ್ಯ ಸಿಡುಕಿದ. ಕಿವುಡನೇನೋ ನೀನು! ಶೇಂಗಾ ಎತ್ತಿಕೊಂಡು ಹಿಂದಿನ ಸಾಲಿಗೆ ಹೋದ.

ಮುದಕವ್ವ ಕದಲಲಿಲ್ಲ.

ಆ ಹೆಂಗಸಿನ ಮುಖ ಕಂಡಾಗ ಅವನು ಪಕ್ಕದವನನ್ನು ಕೇಳಲಿಲ್ಲ. ಕಾಣದಾಗ ಮಾತ್ರ ಕೇಳಿದ. ಮೂರಕ್ಕೆ ಮೂರು ಸಲವೂ...

ಮಗ್ಗದ ಶೆಡ್ಡಿನಲ್ಲಿ ಯಾರಿಗೂ ಯಾರ ದನಿಯೂ ಕೇಳುವುದಿಲ್ಲ. ಅಲ್ಲಿ ಎಲ್ಲರೂ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಇದು ಇಚಲಕರಂಜಿಯಲ್ಲಿ ಎಲ್ಲ ಹೆಂಗಸರಿಗೂ ಗೊತ್ತಿದ್ದ ಸಂಗತಿ. ಮುದಕವ್ವನಿಗೂ ಗೊತ್ತಿತ್ತು.

ಅವಳು ಎದ್ದು ಗಂಡನ ಪಕ್ಕದ ಕುರ್ಚಿಗೆ ಬಂದಳು. ಪರದೆಯನ್ನೇ ನೋಡುತ್ತ, ಸೆರಗಿನೊಳಗಿಂದ, ದಿನಾ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು.

"ನಿಮ್ಮ ಅಂಗಿಗೆ ಬೆಂಕಿ ಹತ್ತೈತಿ."

ಮುಂದಿನ ಸಾಲಿನ ಮುದುಕ ಬೆಚ್ಚಿ ತಿರುಗಿ ನೋಡಿದ. ಕಾಡಪ್ಪ ನೋಡಲಿಲ್ಲ.

"ಅಯ್ಯ... ದೇವರ!" ಎಂದಳು ಮುದಕವ್ವ. ಅವನ ತೋಳು ಹಿಡಿದು ಎಬ್ಬಿಸಿ ಹೊರಗೆ ಎಳೆದುಕೊಂಡು ಬಂದಳು.

ಥೇಟರಿನ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಬೆಳಕಿಗೆ ಅವನು ಕಣ್ಣು ಕಿರಿದು ಮಾಡಿದ. ಮುದಕವ್ವ ಬಾಯಿಯ ಮೇಲಿನ ಸೆರಗು ತೆಗೆದಳು.

"ಎಷ್ಟ ವರ್ಷಾತು?"

"ಏನು?"

"ಸುಳ್ಳ ಆಡಬ್ಯಾಡ್ರಿ! ಕಿವಿ ಹೋಗಿ ಎಷ್ಟ ವರ್ಷಾತು?"

ಕಾಡಪ್ಪನ ಬಣ್ಣ ಇಳಿಯಿತು. ಸುತ್ತ ನೋಡಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಬಾಯಿ ತೆರೆದ.

"ಹತ್ತಾಗಿರಬೇಕು. ಮೊದಲ ಸ್ವಲ್ಪ ಸ್ವಲ್ಪ... ಆಮ್ಯಾಲ ಭಾಳ."

"ಯಾರಿಗೂ ಗೊತ್ತಿಲ್ಲ?"

"ಜಾಬರ್ ಆದಾಂವ ಸಪ್ಪಳದ ಮ್ಯಾಲ ಮಗ್ಗದ ರೋಗ ಹಿಡೀಬೇಕು. ಕಿವುಡ ಅಂತ ಗೊತ್ತಾದರ ಒಂದು ದಿವ್ಸ ಇಟ್ಟುಕೊಳ್ಳೂದಿಲ್ಲ. ನಾ ಕೈ ಇಟ್ಟು ನೋಡ್ತೇನಿ. ಕಬ್ಬಿಣ ನಡುಗೂದು ಅಂಗೈಗೆ ತಿಳೀತೈತಿ."

"ಮಾಲಕಗ ಹೇಳಲಿಲ್ಲ, ಸರಿ. ನಾ ಏನು ಮಾಲಕನ ಹೆಂಡತಿಯೇನ್ರಿ?"

ಅವನು ಉತ್ತರಿಸಲಿಲ್ಲ. ಈ ಸಲ ಕೇಳಿಸದೆ ಅಲ್ಲ.

ಮುದಕವ್ವನ ಮನಸ್ಸಿನಲ್ಲಿ ಒಂದೊಂದೇ ದಿನ ತಿರುಗಿ ನಿಲ್ಲತೊಡಗಿತು. ಆ ನೀರು... ಪಾಪ, ಕೇಳಿರಲಿಲ್ಲ. ಮಗಳ ಗಂಡು ಗೊತ್ತುಮಾಡುವಾಗಿನ ಜಗಳ... ಕೇಳಿರಲಿಲ್ಲ. ಒಂದು ಕ್ಷಣ ಎದೆ ಹಗುರಾಯಿತು. ನಂತರ ಒಂದು ದಿನ ನೆನಪಾಗಿ ಮತ್ತೆ ಕಲ್ಲಾಯಿತು.

"ಅವ್ವ ಸತ್ತಾಗಿಂದು?" ಎಂದಳು ಮೆಲ್ಲಗೆ.

1974ರ ಬೇಸಿಗೆ. ತಾಯಿಗೆ ಉಳಿಗಾಲವಿಲ್ಲ ಎಂದು ಗಡಹಿಂಗ್ಲಜದಿಂದ ಸುದ್ದಿ ಬಂದಿತ್ತು. ಅತ್ತೆ ಗೋಡೆಗೊರಗಿ ಕೂತಿದ್ದರು. ಅತ್ತೆಯ ಎದುರಿಗೆ ಗಂಡನ ಮುಖ ನೋಡಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಮುದಕವ್ವ ಒಲೆಯ ಕಡೆ ಮುಖ ಮಾಡಿ, ರೊಟ್ಟಿ ಬಡಿಯುತ್ತ ಗಂಡನನ್ನು ಕೇಳಿದ್ದಳು. ಹೋಗಲೇ? ಎರಡು ಸಲ ಕೇಳಿದ್ದಳು. ಕಾಡಪ್ಪ ಉಂಡು, ಕೈ ತೊಳೆದು, ಪಾಳಿಗೆ ಹೋಗಿದ್ದ. ಅವನ ಮಾತಿಲ್ಲದೆ ಹೊಸಿಲು ದಾಟಲು ಅತ್ತೆ ಬಿಡಲಿಲ್ಲ. ಮೂರನೆಯ ದಿನ ತಾಯಿ ಹೋದಳು. ಮಣ್ಣಿಗೆ ಬಂದ ಕಾಡಪ್ಪ, "ಯಾಕ, ಮೊದಲ ಬರಬಾರದಿತ್ತ ನೀ?" ಎಂದು ಕೇಳಿದ್ದ. ಅದನ್ನು ಅವಳು ಕುಹಕವೆಂದುಕೊಂಡಳು. ಅಂದಿನಿಂದ ಅವನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಳು.

"ನಾ ಕೇಳಿದ್ದು ನಿಮಗ ಕೇಳಿರಲಿಲ್ಲ. ಹೌದಲ್ರಿ?" ಎಂದಳು ಈಗ. ಹೌದು ಎಂದುಬಿಡಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು. "ಹೌದ ಅಂತ ಹೇಳ್ರಿ..."

ಕಾಡಪ್ಪ ಬಹಳ ಹೊತ್ತು ಅವಳ ತುಟಿಗಳನ್ನು ನೋಡಿದ.

"ಮಾತು ಕೇಳಿರಲಿಲ್ಲ," ಎಂದ. "ಆದರ ನಿನ್ನ ಬೆನ್ನು ಅಲಗಾಡಾಕತ್ತಿತ್ತು. ಅಳಾಕತ್ತೀದಿ, ಏನೋ ಕೇಳಾಕತ್ತೀದಿ ಅಂತ ನನಗ ತಿಳದಿತ್ತು. ಎದ್ದು ಬಂದು ನಿನ್ನ ಮಾರಿ ನೋಡಿದ್ದರ ತಿಳೀತಿತ್ತು. ಅವಾಗ ಜಾಬರಕಿ ಸಿಕ್ಕು ಎಂಟು ದಿವ್ಸ ಆಗಿತ್ತು. ನಮ್ಮವ್ವ ಅಲ್ಲೇ ಕುಂತಿದ್ದಳು. ಮತ್ತೊಮ್ಮೆ ಹೇಳು ಅಂದರ ಕಿವುಡ ಅಂತ ಗೊತ್ತಾಗ್ತೈತಿ ಅಂತ... ನಾ ಕೈ ತೊಳಕೊಂಡೆ."

ಒಳಗಿನಿಂದ ಸಿನಿಮಾದ ಸಂಗೀತ ಕೇಳುತ್ತಿತ್ತು, ಅವಳಿಗೆ ಮಾತ್ರ.

ಒಂಬತ್ತು ವರ್ಷ ಅವಳು ಅವನನ್ನು ಕಟುಕ ಎಂದುಕೊಂಡಿದ್ದಳು. ಅವನು ಕಟುಕನಲ್ಲ, ಅಂಜುಬುರುಕ. ಯಾವುದು ಹೆಚ್ಚು ನೋಯಿಸಿತೆಂದು ಅವಳಿಗೆ ತಿಳಿಯಲಿಲ್ಲ.

"ಸುಳ್ಳ ಹೇಳಬಹುದಿತ್ತಲ್ಲ ನೀವು, ಈಗ?"

"ಹತ್ತು ವರ್ಷ ಅದನ್ನ ಮಾಡೇನಿ. ಸಾಕಾಗೈತಿ, ಮುದಕಿ."

ಮುದಕಿ! ಮದುವೆಯಾಗಿ ಬಂದ ಹೊಸದರಲ್ಲಿ ಅವನು ಹಾಗೆ ಕರೆದು ರೇಗಿಸುತ್ತಿದ್ದ. ಅವಳ ಕಣ್ಣು ತುಂಬಿತು. ಆದರೂ ದನಿ ಸಡಿಲಿಸಲಿಲ್ಲ.

"ನಾ ಮಾಫಿ ಮಾಡೂದಿಲ್ಲ. ಇದು ಮಾಫಿ ಮಾಡೂವಂಥಾದ್ದಲ್ಲ."

"ಗೊತ್ತೈತಿ."

ಆರಕ್ಕೆ ಹತ್ತು ನಿಮಿಷವಿತ್ತು. ವಕೀಲರ ಕಚೇರಿಯ ಮೆಟ್ಟಿಲ ಬಳಿ ಬಸವಣ್ಣೆಪ್ಪ ಕಾಗದ ಹಿಡಿದು ನಿಂತಿದ್ದ. "ಬರ್ರಿ ಬರ್ರಿ, ವಕೀಲರು ಬಂದಾರ. ಅಕ್ಕಾ, ಸಹಿ ಇಲ್ಲಿ..."

"ಇವತ್ತ ಆಗೂದಿಲ್ಲ," ಎಂದಳು ಮುದಕವ್ವ.

"ಯಾಕಬೇ? ಸಿನಿಮಾ ನೋಡಿ ಮನಸ್ಸು ಕರಗಿತೇನು?"

"ಕರಗಿಲ್ಲೋ! ನಾ ಹತ್ತು ವರ್ಷ ಬೈದದ್ದು ಇವ್ರಿಗೆ ಒಂದೂ ಮುಟ್ಟಿಲ್ಲಂತ. ಎಲ್ಲಾ ಮೊದಲಿಂದ ಹೇಳಬೇಕು. ಆಮ್ಯಾಲ ಸಹಿದು ನೋಡೂಣು."

ಅವಳು ಗಂಡನ ಎದುರಿಗೆ ಬಂದಳು.

"ಸೋಮವಾರ ಮಾಲಕಗ ಹೇಳ್ರಿ. ಎಲ್ಲಾರ ಮುಂದ ಹೇಳ್ರಿ. ಹೇಳಿದ ಮ್ಯಾಲ ನಾ ಬರ್ತೇನಿ. ಇಲ್ಲಂದರ ಇದ ಕಾಗದ ಐತಿ."

"ಜಾಬರಕಿ ಹೋಗ್ತೈತಿ."

"ಹೋಗಲಿ. ಅದರ ಸಲುವಾಗಿ ನನ್ನ ಅವ್ವನ ಮಾರಿ ನನಗ ಸಿಗಲಿಲ್ಲ."

ಆಗಲಿ ಎಂದು ಕಾಡಪ್ಪ ತಲೆಯಾಡಿಸಿದ. ನಂತರ ಕೇಳಿದ, "ನೀ ಹೇಳೂದು... ಎಲ್ಲಾ ಹೇಳಿ ಮುಗಸಾಕ ಎಷ್ಟ ದಿವ್ಸ ಬೇಕಾದೀತು?"

"ಭಾಳ ಐತಿ. ಎದುರಿಗೆ ಕುಂದ್ರಾಕ ತಯಾರ ಅದೀರೇನು?"

"ಅದೇನಿ," ಎಂದ ಕಾಡಪ್ಪ. "ನೀ ಸಾವಕಾಶ ಹೇಳು. ಅಳುಮುಂದ ಮಾತ್ರ ಆ ಕಡೆ ತಿರಗಬ್ಯಾಡ."

ಮಾರ್ಚ್ 21ರ ಸೋಮವಾರ ಕಾಡಪ್ಪ ಮಾಲಕನಿಗೆ ಹೇಳಿದ. ಜಾಬರ್ ಕೆಲಸ ಅಂದೇ ಹೋಯಿತು. ಅದೇ ಶೆಡ್ಡಿನಲ್ಲಿ ಬಟ್ಟೆ ಮಡಚುವ ಕೆಲಸ ಕೊಟ್ಟರು. ಏಪ್ರಿಲ್ 3ರ ಭಾನುವಾರ, ಬೆಳಗಿನ ಬಸ್ಸಿಗೆ, ಮುದಕವ್ವ ಇಚಲಕರಂಜಿಗೆ ಹೋದಳು.